ನಾಳೆಯೂ ಬರುವವರ ಹೋಟೆಲು: ಕರ್ನಾಟಕ ಸುತ್ತುವಾಗ ಊರೂರಿನ ಒಳ್ಳೆಯ ಊಟ ಹುಡುಕುವ ಬಗೆ

ಗದಗಿಗೆ ಮೊದಲ ಸಲ ಹೋಗಿದ್ದಾಗ ತ್ರಿಕೂಟೇಶ್ವರ ದೇವಸ್ಥಾನವನ್ನು ನೋಡಿ ಮುಗಿಸುವಷ್ಟರಲ್ಲಿ ಮಧ್ಯಾಹ್ನ ಮೂರೂವರೆಯಾಗಿತ್ತು. ರೊಟ್ಟಿ ಊಟ ಮಾಡಲೇಬೇಕೆಂಬ ಆಸೆಯಿಂದ ಮೂರು ಖಾನಾವಳಿಗಳ ಬಾಗಿಲಿಗೆ ಹೋದೆ. ಒಂದರಲ್ಲಿ ಒಲೆ ಆರಿತ್ತು, ಇನ್ನೊಂದರಲ್ಲಿ ಪಾತ್ರೆ ತೊಳೆಯುತ್ತಿದ್ದರು, ಮೂರನೆಯದರಲ್ಲಿ "ರೊಟ್ಟಿ ಮುಗದಾವ್ರಿ, ಸಂಜಿಮುಂದ ಬರ್ರಿ" ಎಂದು ಕಳುಹಿಸಿದರು. ಕೊನೆಗೆ ಒಂದು ಲಾಡ್ಜಿನ ಕೆಳಗಿನ ರೆಸ್ಟೋರೆಂಟಿನಲ್ಲಿ, ಯಾವ ಊರಿನಲ್ಲಿ ತಿಂದರೂ ಒಂದೇ ರುಚಿಯಾಗಿರುವ ಫ್ರೈಡ್ ರೈಸ್ ತಿಂದು ಬಸ್ಸು ಹತ್ತಿದೆ. ಆ ದಿನ ಬೇಸರವಾದದ್ದು ನಿಜ. ಆದರೆ ರೊಟ್ಟಿ ಮುಗಿಯಿತೆಂದು ಹೇಳಿ ಕಳುಹಿಸಿದ ಆ ಮೂರನೆಯ ಖಾನಾವಳಿಯೇ ನಾನು ಹುಡುಕುತ್ತಿದ್ದ ಜಾಗವಾಗಿತ್ತೆಂಬುದು ಮುಂದೆ ಹಲವು ಪ್ರಯಾಣಗಳ ಬಳಿಕ ಅರ್ಥವಾಯಿತು. ಅಷ್ಟೇ ಅಡುಗೆ ಮಾಡಿ, ಅಷ್ಟನ್ನೂ ತನ್ನ ಊರಿನವರಿಗೇ ಬಡಿಸಿ ಮುಗಿಸುವ ಜಾಗ ಅದು.

ಈ ಮಾರ್ಗದರ್ಶಿಯ ತಿರುಳು ಒಂದೇ. ಯಾವ ಹೋಟೆಲಿನ ಗಿರಾಕಿ ನಾಳೆಯೂ ಬರುತ್ತಾನೋ ಆ ಹೋಟೆಲಿನ ಊಟವನ್ನು ನಂಬಬಹುದು. ಕಚೇರಿಯ ಗುಮಾಸ್ತರು, ಹಾಸ್ಟೆಲಿನ ಹುಡುಗರು, ಮಂಡಿಯ ಹಮಾಲರು, ಕೋರ್ಟಿನ ವಕೀಲರು ದಿನವೂ ತಿನ್ನುವ ಕಡೆ ಅಡುಗೆ ಕೆಟ್ಟರೆ ಮಾಲೀಕರಿಗೆ ಮರುದಿನವೇ ಗೊತ್ತಾಗುತ್ತದೆ. ಪ್ರವಾಸಿ ತಾಣದ ಎದುರಿನ ಹೋಟೆಲಿಗೆ ಅಂಥ ಭಯವಿಲ್ಲ, ಏಕೆಂದರೆ ಅಲ್ಲಿ ಉಂಡವರು ಮತ್ತೆ ಬರುವುದು ಅಪರೂಪ. ಮುಂದಿನ ಹಂತಗಳೆಲ್ಲ ಆ ನಾಳೆಯ ಗಿರಾಕಿಯನ್ನು ಪತ್ತೆಹಚ್ಚಿ, ಅವನು ಉಣ್ಣುವ ಹೊತ್ತಿಗೆ ಅವನ ಪಕ್ಕದಲ್ಲಿ ಹೋಗಿ ಕೂರುವುದಕ್ಕೆ ಸಂಬಂಧಿಸಿದವು.

ಹಂತ 1: ಹೊರಡುವ ಮೊದಲು ದಾರಿಯ ಧಾನ್ಯವನ್ನು ತಿಳಿಯಿರಿ

ಹೋಟೆಲುಗಳ ಪಟ್ಟಿ ಮಾಡಿಕೊಳ್ಳುವುದಕ್ಕಿಂತ ಮೊದಲು, ನೀವು ಹೋಗುವ ಸೀಮೆಯಲ್ಲಿ ಜನ ಮನೆಯಲ್ಲಿ ಏನು ತಿನ್ನುತ್ತಾರೆ ಎಂಬುದನ್ನು ತಿಳಿದುಕೊಳ್ಳುವುದು ಹೆಚ್ಚು ಉಪಯುಕ್ತ. ಮಂಡ್ಯ, ರಾಮನಗರ, ಹಾಸನ, ತುಮಕೂರು, ಕೋಲಾರಗಳ ಬಯಲುಸೀಮೆಯಲ್ಲಿ ರಾಗಿಮುದ್ದೆ. ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರ, ಕಲಬುರಗಿಗಳಲ್ಲಿ ಜೋಳದ ರೊಟ್ಟಿ. ಕರಾವಳಿಯಲ್ಲಿ ಕುಚ್ಚಲಕ್ಕಿ ಅನ್ನ ಮತ್ತು ಮೀನು. ಮಲೆನಾಡಿನಲ್ಲಿ ಅಕ್ಕಿರೊಟ್ಟಿ, ಕಡುಬು. ಕೊಡಗಿನಲ್ಲಿ ಕಡಂಬುಟ್ಟು, ನೂಲ್‌ಪುಟ್ಟು ಮತ್ತು ಹುಳಿಗೆ ಕಾಚಂಪುಳಿ ಹಾಕಿದ ಪಂದಿ (ಹಂದಿ ಮಾಂಸದ) ಕರಿ. ಬೆಳಗಿನ ತಿಂಡಿಯೂ ಸೀಮೆಯಿಂದ ಸೀಮೆಗೆ ಬದಲಾಗುತ್ತದೆ. ಬೆಂಗಳೂರಿನವರು ಇಡ್ಲಿ-ವಡೆ ಹುಡುಕುವ ಹೊತ್ತಿನಲ್ಲಿ ಬಳ್ಳಾರಿ, ಕೊಪ್ಪಳ, ರಾಯಚೂರುಗಳ ಬೀದಿಯಲ್ಲಿ ಮಂಡಕ್ಕಿಯ ಒಗ್ಗರಣೆಯೂ ಬಿಸಿ ಮಿರ್ಚಿಯೂ ಖಾಲಿಯಾಗುತ್ತಿರುತ್ತವೆ.

ಇದನ್ನು ತಿಳಿಯುವುದರಿಂದ ಆಗುವ ಲಾಭ ಬಹಳ ದೊಡ್ಡದು. ಒಂದು ಸೀಮೆಯ ಅಡುಗೆಯವರ ಕೈ ಯಾವುದರಲ್ಲಿ ಪಳಗಿದೆಯೋ ಅದು ಅಲ್ಲಿನ ಸಣ್ಣ ಹೋಟೆಲಿನಲ್ಲಿಯೂ ಚೆನ್ನಾಗಿರುತ್ತದೆ, ಹೊರಗಿನ ತಿನಿಸು ದೊಡ್ಡ ಹೋಟೆಲಿನಲ್ಲಿಯೂ ಸುಮಾರಾಗಿರುತ್ತದೆ. ಮಡಿಕೇರಿಯಲ್ಲಿ ಪನೀರ್ ಮಸಾಲೆಯನ್ನೂ ವಿಜಯಪುರದಲ್ಲಿ ಮೀನಿನ ಫ್ರೈಯನ್ನೂ ಕೇಳಿ, ಅದು ಚೆನ್ನಾಗಿಲ್ಲವೆಂದು ಆ ಊರಿನ ಊಟವನ್ನೇ ದೂರುವವರನ್ನು ನಾನು ಕಂಡಿದ್ದೇನೆ.

ಋತುವನ್ನೂ ಗಮನಿಸಬೇಕು. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ ದಿನಗಳಲ್ಲಿ ಮಂಗಳೂರು, ಉಡುಪಿ, ಕಾರವಾರಗಳಿಗೆ ಮೀನಿನ ಆಸೆಯಿಂದ ಹೋಗುವವರು ನಾಡದೋಣಿಯ ಮೀನು, ಹೊಳೆಯ ಮೀನು, ಮರುವಾಯಿ (ಚಿಪ್ಪುಮೀನು) ಇದ್ದರೆ ಅದನ್ನೇ ಕೇಳಿ ತಿನ್ನುವುದು ಒಳ್ಳೆಯದು. ಅಂಜಲ್, ಮಾಂಜಿಯಂಥ ದೊಡ್ಡ ಮೀನುಗಳು ಆಗ ಶೀತಲಗೃಹದಿಂದ ಅಥವಾ ಹೊರರಾಜ್ಯದಿಂದ ಬಂದಿರುವ ಸಾಧ್ಯತೆಯೇ ಹೆಚ್ಚು. ಅದೇ ಮಳೆಗಾಲದಲ್ಲಿ ಕೊಡಗು ಮತ್ತು ಮಲೆನಾಡಿನಲ್ಲಿ ಕಳಲೆಯೂ ಅಣಬೆಯೂ ಸಿಗುತ್ತವೆ. ಹೀಗಾಗಿ ಜುಲೈ ತಿಂಗಳಿನಲ್ಲಿ ರುಚಿಗಾಗಿಯೇ ಹೊರಡುವುದಾದರೆ ನಾನು ಘಟ್ಟದ ಕೆಳಗಿಳಿಯದೆ ಮೇಲೆಯೇ ಉಳಿಯುತ್ತೇನೆ.

ಹಂತ 2: ಹಲಗೆಯ ಮೇಲಿನ ಹೆಸರನ್ನು ಓದಲು ಕಲಿಯಿರಿ

ನಮ್ಮಲ್ಲಿ ಹೋಟೆಲ್ ಎಂದರೆ ಊಟದ ಜಾಗ, ಉಳಿದುಕೊಳ್ಳುವುದಕ್ಕೆ ಲಾಡ್ಜ್. ಹೊರರಾಜ್ಯದ ಗೆಳೆಯರನ್ನು ಕರೆದೊಯ್ಯುವವರು ಇದನ್ನು ಮೊದಲೇ ಹೇಳಿಬಿಡುವುದು ಉಚಿತ. ಇದರ ಆಚೆಗೆ, ಹಲಗೆಯ ಮೇಲಿನ ಒಂದೊಂದು ಪದವೂ ಒಳಗೆ ಏನು ಸಿಗುತ್ತದೆ ಎಂಬುದನ್ನು ಬಹುಮಟ್ಟಿಗೆ ಹೇಳುತ್ತದೆ.

ದರ್ಶಿನಿ ಎಂದರೆ ಗಲ್ಲಾದಲ್ಲಿ ದುಡ್ಡು ಕೊಟ್ಟು, ಟೋಕನ್ ಪಡೆದು, ನಿಂತೇ ತಿನ್ನುವ ಜಾಗ. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಬೆಳೆದ ಈ ಪದ್ಧತಿಯ ಗುಟ್ಟು ವಹಿವಾಟಿನ ವೇಗ. ಕೂರುವುದಕ್ಕೆ ಜಾಗವಿಲ್ಲದ ಕಾರಣ ಜನ ಬೇಗ ತಿಂದು ಹೊರಡುತ್ತಾರೆ, ಆದ್ದರಿಂದ ಇಡ್ಲಿ ಹಬೆಯಿಂದ ಇಳಿದು ಹತ್ತು ನಿಮಿಷದೊಳಗೆ ತಟ್ಟೆ ಸೇರುತ್ತದೆ. ಗಿರಾಕಿಗಳಿಲ್ಲದ ದರ್ಶಿನಿಯನ್ನು ಮಾತ್ರ ದೂರವಿಡಿ. ವೇಗವಿಲ್ಲದಿದ್ದರೆ ಆ ಪದ್ಧತಿಯಲ್ಲಿ ಉಳಿಯುವುದು ತಣ್ಣಗಿನ ವಡೆ ಮಾತ್ರ. ಇದಕ್ಕೂ ಹಳೆಯದು ಕುಳಿತು ತಿನ್ನುವ ತಿಂಡಿ ಹೋಟೆಲು. ಬೆಂಗಳೂರಿನ ಗಾಂಧಿಬಜಾರಿನಲ್ಲಿ 1943ರಿಂದ ನಡೆಯುತ್ತಿರುವ ವಿದ್ಯಾರ್ಥಿ ಭವನದಂಥವು ಈ ಬಗೆಯವು. ಇಂಥ ಕಡೆ ತಿನಿಸುಗಳ ಪಟ್ಟಿ ಚಿಕ್ಕದು, ವಾರದ ರಜೆ ಕಟ್ಟುನಿಟ್ಟು. ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆಯೆಂಬುದನ್ನು ತಿಳಿಯದೆ ದೂರದಿಂದ ಬಂದು ಮುಚ್ಚಿದ ಬಾಗಿಲನ್ನು ನೋಡಿ ಹಿಂದಿರುಗುವವರು ಇಂದಿಗೂ ಇದ್ದಾರೆ.

ಖಾನಾವಳಿ ಉತ್ತರ ಕರ್ನಾಟಕದ ಆಸ್ತಿ, ಹಾಗಾಗಿ ಅದರ ಬಗ್ಗೆ ತುಸು ಹೆಚ್ಚು ಹೇಳಬೇಕು. ಸಾಮಾನ್ಯವಾಗಿ ಒಂದು ಕುಟುಂಬವೇ ನಡೆಸುವ ಈ ಜಾಗಗಳಲ್ಲಿ ಪಟ್ಟಿ ಎಂಬುದೇ ಇರುವುದಿಲ್ಲ. ಕುಳಿತೊಡನೆ ತಟ್ಟೆಗೆ ಎರಡು ರೊಟ್ಟಿ, ಕಾಳಿನ ಪಲ್ಯ, ಸೊಪ್ಪಿನ ಪಲ್ಯ ಅಥವಾ ಎಣ್ಣೆಗಾಯಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕೆಂಪು ಖಾರ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ, ಮೆಂತ್ಯೆ ಸೊಪ್ಪು ಬರುತ್ತವೆ. ಕೊನೆಗೆ ಅನ್ನ, ಸಾರು, ಮಜ್ಜಿಗೆ. ಜೋಳದ ಹಿಟ್ಟಿನಲ್ಲಿ ಗೋಧಿಯಲ್ಲಿರುವಂಥ ಅಂಟು ಇಲ್ಲವಾದ್ದರಿಂದ ಅದನ್ನು ಬಿಸಿನೀರಿನಲ್ಲಿ ನಾದಿ ಕೈಯಿಂದಲೇ ಬಡಿಯಬೇಕು, ಬೇಯಿಸಿದ ಕೂಡಲೇ ತಿನ್ನಬೇಕು. ಆರಿದರೆ ಮೆತ್ತನೆಯ ರೊಟ್ಟಿ ಬಿರುಸಾಗುತ್ತದೆ. ಆದ್ದರಿಂದ ಒಳ್ಳೆಯ ಖಾನಾವಳಿಯನ್ನು ಕಣ್ಣಿಗಿಂತ ಮೊದಲು ಕಿವಿ ಗುರುತಿಸುತ್ತದೆ: ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಎಡೆಬಿಡದೆ ಕೇಳುತ್ತಿರಬೇಕು. ತೆಳುವಾಗಿ ಬಡಿದು ಒಣಗಿಸಿದ ಖಡಕ್ ರೊಟ್ಟಿಯೂ ಸೊಗಸೇ, ಆದರೆ ಅದು ಹಲವು ದಿನ ಉಳಿಯುವ ಬೇರೆಯದೇ ತಿನಿಸು. ಬಿಸಿ ರೊಟ್ಟಿ ಬೇಕಿದ್ದರೆ ಬಾಯಿಬಿಟ್ಟು ಕೇಳಬೇಕು. ಧಾರವಾಡದಂಥ ವಿದ್ಯಾರ್ಥಿಗಳ ಊರಿನಲ್ಲಿ ಅನೇಕ ಖಾನಾವಳಿಗಳಿಗೆ ತಿಂಗಳ ಲೆಕ್ಕದಲ್ಲಿ ಊಟ ಮಾಡುವವರಿರುತ್ತಾರೆ. ಯಾವುದೇ ಊರಿನಲ್ಲಿ "ಇಲ್ಲಿ ತಿಂಗಳ ಊಟ ಐತೇನ್ರಿ?" ಎಂದು ಕೇಳಿ ಹೌದೆಂಬ ಉತ್ತರ ಬಂದರೆ, ನಾನು ಮುಂದಿನ ಪ್ರಶ್ನೆ ಕೇಳದೆ ಕೈ ತೊಳೆಯಲು ಹೋಗುತ್ತೇನೆ.

ಮಾಂಸಾಹಾರಿಗಳಿಗೆ ಹಳೇ ಮೈಸೂರು ಸೀಮೆಯಲ್ಲಿ ಮಿಲಿಟರಿ ಹೋಟೆಲುಗಳಿವೆ. ಮುದ್ದೆ, ನಾಟಿ ಕೋಳಿ ಸಾರು, ಕೈಮಾ ಉಂಡೆ, ಬೋಟಿ, ಕಾಲು ಸೂಪು, ದೊನ್ನೆ ಬಿರಿಯಾನಿ ಇವುಗಳ ಹೆಗ್ಗಳಿಕೆ. ಮುದ್ದೆಯ ಮೇಲೆ ಒಣಗಿದ ಪೊರೆ ಕಟ್ಟಿದ್ದರೆ ಅದು ತಿರುವಿ ಬಹಳ ಹೊತ್ತಾಗಿದೆ ಎಂದರ್ಥ. ಹುಬ್ಬಳ್ಳಿ, ಗದಗ-ಬೆಟಗೇರಿಗಳಲ್ಲಿ ಸಾವಜಿ ಹೋಟೆಲುಗಳು ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ (ಎಸ್‌ಎಸ್‌ಕೆ) ಸಮಾಜದ ಅಡುಗೆಯನ್ನು ಉಣಬಡಿಸುತ್ತವೆ. ಅಲ್ಲಿನ ಮಟನ್ನಿನ ಖಾರ ಅಭ್ಯಾಸವಿಲ್ಲದವರಿಗೆ ತಡೆಯುವಂಥದ್ದಲ್ಲ, ಮೊದಲ ಸಲ ಮೊಸರನ್ನು ಪಕ್ಕದಲ್ಲಿಟ್ಟುಕೊಂಡೇ ಆರಂಭಿಸಿ. ಕರಾವಳಿಯಲ್ಲಿ ಲಂಚ್ ಹೋಮ್ ಎಂಬ ಹಲಗೆ ಕಂಡರೆ ಅಲ್ಲಿ ಬಹುತೇಕ ಮೀನೂಟವೆಂದೇ ತಿಳಿಯಬಹುದು. ಭಟ್ಕಳದಲ್ಲಿ ಇಳಿದವರು ಅಲ್ಲಿನ ಮುಸ್ಲಿಂ ಸಮುದಾಯವಾದ ನವಾಯತರ ಬಿರಿಯಾನಿಯನ್ನು ಕೇಳದೆ ಮುಂದಕ್ಕೆ ಹೋಗಬಾರದು.

ಒಂದು ಎಚ್ಚರಿಕೆ. ಪ್ರಸಿದ್ಧ ಹೆಸರುಗಳು ಈಗ ಊರೂರಿಗೆ ಹರಡಿವೆ. ಮೈಲಾರಿ, ದಾವಣಗೆರೆ ಬೆಣ್ಣೆದೋಸೆ, ನಾಟಿ ಮನೆ ಎಂಬ ಹಲಗೆಗಳನ್ನು ಯಾರು ಬೇಕಾದರೂ ಹಾಕಿಕೊಳ್ಳುತ್ತಾರೆ. ಹಲಗೆಯಿಂದ ಹೋಟೆಲಿನ ಬಗೆ ಮಾತ್ರ ತಿಳಿಯುತ್ತದೆ, ಗುಣವನ್ನು ಅರಿಯುವುದಕ್ಕೆ ಮುಂದಿನ ಹಂತಗಳು ಬೇಕು.

ಹಂತ 3: ಹೊತ್ತನ್ನು ಹಿಡಿಯಿರಿ

ಪ್ರಯಾಣಿಕರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಸಣ್ಣ ಹೋಟೆಲಿನವರು ಇಡೀ ದಿನ ಎಲ್ಲವನ್ನೂ ಮಾಡುವುದಿಲ್ಲ. ಒಂದೊಂದು ತಿನಿಸಿಗೂ ಒಂದೊಂದು ಹೊತ್ತಿದೆ, ಆ ಹೊತ್ತಿನಲ್ಲಿ ಅದು ಅಮೃತ. ಇಡ್ಲಿ, ಖಾರಾಬಾತು, ಪೊಂಗಲ್‌ಗಳಿಗೆ ಬೆಳಗ್ಗೆ ಏಳರಿಂದ ಒಂಬತ್ತೂವರೆ. ಊಟಕ್ಕೆ ಹನ್ನೆರಡೂವರೆಯಿಂದ ಎರಡು ಗಂಟೆ. ಸಾರು ಆಗಷ್ಟೇ ಒಲೆಯಿಂದ ಇಳಿದಿರುತ್ತದೆ, ಪಲ್ಯ ಮುಗಿದಿರುವುದಿಲ್ಲ. ಮೂರರಿಂದ ನಾಲ್ಕರವರೆಗೆ ಅಡುಗೆಮನೆಗಳು ವಿಶ್ರಾಂತಿ ಪಡೆಯುತ್ತವೆ, ಆ ವೇಳೆಯಲ್ಲಿ ಎಲ್ಲಿಗೆ ಹೋದರೂ ಉಳಿದದ್ದೇ ಸಿಗುವುದು. ನಾಲ್ಕೂವರೆಯ ನಂತರ ಎಣ್ಣೆಯ ಬಾಣಲೆ ಮತ್ತೆ ಒಲೆಯೇರುತ್ತದೆ: ಉಡುಪಿಯ ರಥಬೀದಿಯಲ್ಲಿ ಗೋಳಿಬಜೆ ಮತ್ತು ಬನ್ಸ್, ಹುಬ್ಬಳ್ಳಿಯಲ್ಲಿ ಗಿರ್ಮಿಟ್ ಮತ್ತು ಮಿರ್ಚಿ, ದಾವಣಗೆರೆಯಲ್ಲಿ ಮಂಡಕ್ಕಿ ಮೆಣಸಿನಕಾಯಿ. ರಾತ್ರಿಯ ಖಾನಾವಳಿ ಏಳೂವರೆಗೆ ಆರಂಭವಾಗಿ ಹತ್ತರೊಳಗೆ ಮುಗಿಯುತ್ತದೆ.

ಹೊತ್ತಿನ ಮಹಿಮೆ ಎಷ್ಟೆಂಬುದಕ್ಕೆ ಬೆಂಗಳೂರಿನ ಸಮೀಪದ ಹೊಸಕೋಟೆಯನ್ನು ನೋಡಬಹುದು. ಅಲ್ಲಿ ಭಾನುವಾರ ಬೆಳಗಿನ ಜಾವ ನಾಲ್ಕು ಗಂಟೆಗೆಲ್ಲ ಜನ ಬಿರಿಯಾನಿಗೆ ಸಾಲು ನಿಲ್ಲುತ್ತಾರೆ.

ವಾರದ ಲೆಕ್ಕವೂ ಇದೆ. ತಾಲ್ಲೂಕು ಕಚೇರಿ, ಕೋರ್ಟು, ಕಾಲೇಜುಗಳ ಹತ್ತಿರದ ಹೋಟೆಲು ವಾರದ ದಿನಗಳಲ್ಲಿ ಚೆನ್ನಾಗಿರುತ್ತದೆ, ಭಾನುವಾರ ಬಾಗಿಲು ತೆರೆದಿದ್ದರೂ ಜೀವವಿರುವುದಿಲ್ಲ. ಸಣ್ಣ ಊರಿಗೆ ಹೋಗುವುದಾದರೆ ಅಲ್ಲಿನ ಸಂತೆಯ ದಿನವನ್ನು ವಿಚಾರಿಸಿಕೊಂಡು ಹೋಗಿ; ಸುತ್ತಲಿನ ಹಳ್ಳಿಗಳ ಜನ ಬರುವ ಆ ದಿನ ಹೋಟೆಲಿನವರು ಹೆಚ್ಚು ಬಗೆಯ ಅಡುಗೆ ಮಾಡುತ್ತಾರೆ, ಎಲ್ಲವೂ ಅಂದೇ ಖರ್ಚಾಗುತ್ತದೆ. ಶ್ರಾವಣ ಮಾಸದಲ್ಲಿ ಅನೇಕರು ಮಾಂಸ ಬಿಡುವುದರಿಂದ ಮಿಲಿಟರಿ ಹೋಟೆಲುಗಳ ವಹಿವಾಟು ಇಳಿಯುತ್ತದೆ. ಯುಗಾದಿಯ ಮರುದಿನದ ಹೊಸತೊಡಕಿಗೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಹಂತ 4: ಯಾರನ್ನು ಕೇಳಬೇಕು, ಏನೆಂದು ಕೇಳಬೇಕು

"ಇಲ್ಲಿ ಒಳ್ಳೆ ಹೋಟೆಲ್ ಯಾವುದು?" ಎಂಬ ಪ್ರಶ್ನೆಯನ್ನು ಕೈಬಿಡಿ. ಅದನ್ನು ಕೇಳಿದ ಕೂಡಲೇ ಎದುರಿನವರು ನಿಮ್ಮ ಉಡುಪನ್ನೂ ಕಾರನ್ನೂ ನೋಡಿ, ಇವರಿಗೆ ಎ.ಸಿ. ಬೇಕು, ವಾಹನ ನಿಲ್ಲಿಸಲು ಜಾಗ ಬೇಕು ಎಂದು ತಾವೇ ತೀರ್ಮಾನಿಸಿ, ಊರಿನ ದೊಡ್ಡ ರೆಸ್ಟೋರೆಂಟನ್ನು ತೋರಿಸುತ್ತಾರೆ. ಅವರದು ಸದುದ್ದೇಶವೇ, ಅತಿಥಿಯನ್ನು ಕಿರಿದಾದ ಜಾಗಕ್ಕೆ ಕಳುಹಿಸಲು ಅವರಿಗೆ ಸಂಕೋಚ. ಆದ್ದರಿಂದ ಪ್ರಶ್ನೆಯಲ್ಲಿ ತಿನಿಸಿನ ಹೆಸರಿರಬೇಕು, ಕೇಳಿಸಿಕೊಳ್ಳುವವರ ಊಟದ ಪ್ರಸ್ತಾಪವಿರಬೇಕು. ಮಂಡ್ಯದಲ್ಲಿ "ಅಣ್ಣಾ, ನೀವು ಮಧ್ಯಾಹ್ನ ಮುದ್ದೆ ಊಟಕ್ಕೆ ಎಲ್ಲಿಗೆ ಹೋಗ್ತೀರ?" ಎಂದೂ, ಬಾಗಲಕೋಟೆಯಲ್ಲಿ "ಅಣ್ಣಾರ, ಬಿಸಿ ರೊಟ್ಟಿ ಊಟ ಎಲ್ಲಿ ಛಲೋ ಸಿಗತೈತ್ರಿ?" ಎಂದೂ, ಕುಂದಾಪುರ, ಮಂಗಳೂರುಗಳ ಕಡೆ "ಇಲ್ಲಿ ಮೀನೂಟ ಎಲ್ಲಿ ಒಳ್ಳೇದುಂಟು?" ಎಂದೂ ಕೇಳಿದರೆ ಉತ್ತರದ ದಿಕ್ಕೇ ಬದಲಾಗುತ್ತದೆ. ಉತ್ತರ ಕೊಡುವವರು ಒಂದು ಕ್ಷಣ ಯೋಚಿಸುತ್ತಾರೆ, ಪಕ್ಕದವರನ್ನು ವಿಚಾರಿಸುತ್ತಾರೆ, ಕೆಲವೊಮ್ಮೆ ಇಬ್ಬರ ನಡುವೆ ವಾದವೂ ನಡೆಯುತ್ತದೆ. ಆ ವಾದದಲ್ಲಿ ಕೇಳಿಬರುವ ಎರಡು ಹೆಸರುಗಳಲ್ಲಿ ಯಾವುದಕ್ಕೆ ಹೋದರೂ ನಷ್ಟವಿಲ್ಲ.

ಕೇಳಲು ತಕ್ಕವರೆಂದರೆ ಔಷಧಿ ಅಂಗಡಿಯವರು, ಬ್ಯಾಂಕು ಮತ್ತು ಅಂಚೆ ಕಚೇರಿಯ ಸಿಬ್ಬಂದಿ, ನಿಲ್ದಾಣದಲ್ಲಿ ಪಾಳಿ ಮುಗಿಸಿದ ಬಸ್ ಕಂಡಕ್ಟರು, ಎಪಿಎಂಸಿ ಯಾರ್ಡಿನ ವ್ಯಾಪಾರಿಗಳು, ಬೇರೆ ಊರಿನಿಂದ ವರ್ಗವಾಗಿ ಬಂದ ಶಿಕ್ಷಕರು. ಕೊನೆಯವರು ಬಹಳ ಮುಖ್ಯ: ಮನೆಯನ್ನು ಬಿಟ್ಟು ಬಂದು ವರ್ಷಗಟ್ಟಲೆ ಹೊರಗೆ ಉಂಡವರಿಗೆ ಊರಿನ ಪ್ರತಿಯೊಂದು ಹೋಟೆಲಿನ ಬಲವೂ ದೌರ್ಬಲ್ಯವೂ ಗೊತ್ತಿರುತ್ತದೆ. ಲಾಡ್ಜಿನ ಸ್ವಾಗತಕಾರರನ್ನೂ ಪ್ರವಾಸಿ ಟ್ಯಾಕ್ಸಿಯ ಚಾಲಕರನ್ನೂ ಕೇಳುವಾಗ ತುಸು ಎಚ್ಚರವಿರಲಿ, ಏಕೆಂದರೆ ಕೆಲವು ಕಡೆ ಗಿರಾಕಿಗಳನ್ನು ಕರೆತಂದವರಿಗೆ ಉಚಿತ ಊಟವೋ ಕಮಿಷನ್ನೋ ಇರುತ್ತದೆ. ಅದೇ ಚಾಲಕರನ್ನು "ನಾವು ನಿಮ್ಮ ಜೊತೆಯೇ ಉಣ್ಣುತ್ತೇವೆ, ನಿಮಗೆ ಇಷ್ಟವಾದ ಕಡೆ ನಿಲ್ಲಿಸಿ" ಎಂದು ಕೇಳಿಕೊಂಡರೆ ಅವರಿಗಿಂತ ಒಳ್ಳೆಯ ಮಾರ್ಗದರ್ಶಿ ಇಲ್ಲ.

ಹಂತ 5: ಮೊಬೈಲ್ ನಕ್ಷೆಯನ್ನು ಬಳಸುವ ಕ್ರಮ

ನಕ್ಷೆಯಲ್ಲಿ ಕನ್ನಡ ಲಿಪಿಯಲ್ಲಿಯೇ "ಖಾನಾವಳಿ", "ಮಿಲಿಟರಿ ಹೋಟೆಲ್", "ಮೀನೂಟ" ಎಂದು ಹುಡುಕಿ ನೋಡಿ. ಇಂಗ್ಲಿಷಿನಲ್ಲಿ ಹುಡುಕಿದಾಗ ಕಾಣದ ಹಲವು ಜಾಗಗಳು ಕಾಣುತ್ತವೆ. ನಕ್ಷತ್ರಗಳ ಸರಾಸರಿಗೆ ಹೆಚ್ಚು ಬೆಲೆ ಕೊಡಬೇಡಿ. ಊರಿನವರು ಮೆಚ್ಚುವ ಖಾನಾವಳಿಗೆ ಹೊರಗಿನವರು "ಕೂರಲು ಜಾಗವಿಲ್ಲ, ಬಹಳ ಹೊತ್ತು ಕಾಯಬೇಕು" ಎಂದು ಎರಡೇ ನಕ್ಷತ್ರ ಕೊಟ್ಟಿರುತ್ತಾರೆ, ಆದರೆ ಅದೇ ಮಾತು ನನ್ನ ಲೆಕ್ಕದಲ್ಲಿ ಹೊಗಳಿಕೆ. ಇತ್ತೀಚಿನ ಆರು ತಿಂಗಳ ಅಭಿಪ್ರಾಯಗಳನ್ನು ಮಾತ್ರ ಓದಿ. ಅಡುಗೆಯವರು ಬದಲಾದರೆ ಹೋಟೆಲೇ ಬದಲಾದಂತೆ. ಗಿರಾಕಿಗಳು ಹಾಕಿದ ತಟ್ಟೆಯ ಚಿತ್ರಗಳನ್ನು ನೋಡಿ. ಬೇರೆ ಬೇರೆ ದಿನಗಳ ಚಿತ್ರಗಳಲ್ಲಿ ಪಲ್ಯಗಳು ಬೇರೆ ಬೇರೆಯಾಗಿದ್ದರೆ, ಅಂದಂದಿನ ತರಕಾರಿಯನ್ನು ತಂದು ಅಂದೇ ಅಡುಗೆ ಮಾಡುತ್ತಾರೆಂದು ತಿಳಿಯಬಹುದು.

ಹಂತ 6: ಹೆದ್ದಾರಿಯಿಂದ ಒಂದೆರಡು ಕಿಲೋಮೀಟರ್ ಇಳಿಯಿರಿ

ಬೆಂಗಳೂರು-ಮೈಸೂರು ನಡುವಿನ ಹೊಸ ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೇಲೆ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳೆಲ್ಲ ಬದಿಗೆ ಸರಿದವು. ವೇಗ ಸಿಕ್ಕಿತು, ಆದರೆ ಬಿಡದಿಯ ತಟ್ಟೆ ಇಡ್ಲಿಯನ್ನೂ ಮದ್ದೂರಿನಲ್ಲಿಯೇ ಮಾಡಿದ ಮದ್ದೂರು ವಡೆಯನ್ನೂ ತಿನ್ನಬೇಕೆನ್ನುವವರು ಈಗ ಬೇಕೆಂದೇ ಹಳೆಯ ರಸ್ತೆಗೆ ಇಳಿಯಬೇಕಾಗಿದೆ. ರಾಜ್ಯದ ಬಹುತೇಕ ಹೆದ್ದಾರಿಗಳದ್ದೂ ಇದೇ ಕಥೆ. ಬೈಪಾಸಿನ ಪಕ್ಕದಲ್ಲಿರುವ ವಿಶಾಲವಾದ ಹೋಟೆಲುಗಳಿಗೆ ಶೌಚಾಲಯ, ಕಾಫಿ, ಮಕ್ಕಳ ಹಟಗಳಿಗಾಗಿ ನಿಲ್ಲುವುದರಲ್ಲಿ ತಪ್ಪಿಲ್ಲ. ಊಟಕ್ಕೆ ಮಾತ್ರ ಊರೊಳಗೆ ಹೋಗಿ. ಹಳೆಯ ಬಸ್ ನಿಲ್ದಾಣ, ಎಪಿಎಂಸಿ, ತರಕಾರಿ ಮಾರುಕಟ್ಟೆ, ಈ ಮೂರರಲ್ಲಿ ಯಾವುದರ ಹತ್ತಿರ ಹೋದರೂ ಹತ್ತು ನಿಮಿಷದಲ್ಲಿ ಒಂದು ನಂಬಬಹುದಾದ ಹೋಟೆಲು ಕಾಣುತ್ತದೆ.

ರಾತ್ರಿಯ ಬಸ್ಸು ಊಟಕ್ಕೆ ನಿಲ್ಲಿಸುವ ಕಡೆ ನಿಮಗೆ ಆಯ್ಕೆಯಿಲ್ಲ, ಹೋಟೆಲಿನವರಿಗೂ ನಿಮ್ಮ ಹಂಗಿಲ್ಲ. ಅಲ್ಲಿ ಕಣ್ಣೆದುರಿಗೆ ಕಾವಲಿಯ ಮೇಲೆ ಹುಯ್ದ ದೋಸೆ ಅಥವಾ ಸಿಪ್ಪೆ ಸುಲಿದು ತಿನ್ನುವ ಬಾಳೆಹಣ್ಣು ಸಾಕು. ಸಾಧ್ಯವಾದರೆ ಬಸ್ಸು ಹತ್ತುವ ಊರಿನಿಂದಲೇ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸಿಕೊಳ್ಳಿ.

ಹಂತ 7: ಬಾಗಿಲಲ್ಲಿ ಎರಡು ನಿಮಿಷ ನಿಲ್ಲಿ

ಒಳಗೆ ಹೋಗಿ ಕುಳಿತ ಮೇಲೆ ಎದ್ದು ಬರಲು ನಮ್ಮವರಿಗೆ ಸಂಕೋಚ. ಆದ್ದರಿಂದ ನೋಡುವುದನ್ನೆಲ್ಲ ಹೊರಗಿನಿಂದಲೇ ನೋಡಿಬಿಡಬೇಕು. ಜನ ಎಷ್ಟಿದ್ದಾರೆ ಎಂಬುದಕ್ಕಿಂತ ಯಾರಿದ್ದಾರೆ ಎಂಬುದನ್ನು ಗಮನಿಸಿ. ಸಪ್ಲೈಯರ್ ಹೆಸರು ಹಿಡಿದು ಗಿರಾಕಿಗಳನ್ನು ಮಾತನಾಡಿಸುತ್ತಿದ್ದರೆ, ಕೇಳದೆಯೇ ಒಬ್ಬರ ಮುಂದೆ ಸಕ್ಕರೆಯಿಲ್ಲದ ಕಾಫಿ ಬಂದು ಕುಳಿತರೆ, ನಾಳೆಯೂ ಬರುವವರ ಹೋಟೆಲು ಸಿಕ್ಕಿತೆಂದೇ ಅರ್ಥ. ಒಬ್ಬಂಟಿಯಾಗಿ ಊಟ ಮಾಡುತ್ತಿರುವ ಹಿರಿಯರು ಕಂಡರೆ ಇನ್ನೂ ಒಳ್ಳೆಯದು; ಹೊಟ್ಟೆಯ ಬಗ್ಗೆ ಅವರಷ್ಟು ಜಾಗ್ರತೆ ಬೇರೆಯವರಿಗಿಲ್ಲ.

ನಂತರ ಶುಚಿ. ನೆಲ ಹಳೆಯದಾಗಿರಬಹುದು, ಗೋಡೆಯ ಬಣ್ಣ ಮಾಸಿರಬಹುದು, ಅವುಗಳಿಂದ ಹೊಟ್ಟೆ ಕೆಡುವುದಿಲ್ಲ. ಮೇಜು ಒರೆಸುವ ಬಟ್ಟೆ, ತಟ್ಟೆ ತೊಳೆಯುವ ನೀರು, ಕೈ ತೊಳೆಯುವ ಜಾಗ, ಚಟ್ನಿಯ ಪಾತ್ರೆಗೆ ಮುಚ್ಚಳ, ಈ ನಾಲ್ಕನ್ನು ನೋಡಿದರೆ ಸಾಕು. ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕಿಗಳ ಪರವಾನಗಿ ಅಥವಾ ನೋಂದಣಿ ಸಂಖ್ಯೆಯನ್ನು ಎದ್ದುಕಾಣುವಂತೆ ಹಾಕಬೇಕೆಂಬ ನಿಯಮವಿದೆ. ಗಲ್ಲಾದ ಹಿಂದೆ ಅದು ಸಾಮಾನ್ಯವಾಗಿ ತೂಗುತ್ತಿರುತ್ತದೆ. ಕೆಂಪಗೆ ಹೊಳೆಯುವ ಕಬಾಬು, ಗೋಬಿ ಮಂಚೂರಿಗಳನ್ನು ಬಿಟ್ಟುಬಿಡಿ. ಕರ್ನಾಟಕ ಸರ್ಕಾರವು 2024ರಲ್ಲಿ ಇವುಗಳಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿದೆ, ಆದ್ದರಿಂದ ಆ ಬಣ್ಣ ಇನ್ನೂ ಕಾಣುವ ಕಡೆ ಬೇರೆ ನಿಯಮಗಳೂ ಪಾಲನೆಯಾಗುತ್ತಿರಲಾರವು. ಇಡ್ಲಿಯ ತಟ್ಟೆಗೆ ಬಟ್ಟೆ ಹಾಸಿದ್ದಾರೋ ಪ್ಲಾಸ್ಟಿಕ್ ಹಾಳೆ ಹಾಸಿದ್ದಾರೋ ನೋಡಿ. 2025ರ ಆರಂಭದಲ್ಲಿ ಪ್ಲಾಸ್ಟಿಕ್ ಬಳಕೆ ಪತ್ತೆಯಾಗಿ ಆರೋಗ್ಯ ಇಲಾಖೆ ಕ್ರಮಕ್ಕೆ ಮುಂದಾಗಿತ್ತು.

ಹಂತ 8: ಮೊದಲು ಸ್ವಲ್ಪ ತರಿಸಿ, ಆಮೇಲೆ ನಂಬಿ

ಹೊಸ ಜಾಗದಲ್ಲಿ ಒಂದೇ ಸಲ ಎಲ್ಲವನ್ನೂ ಹೇಳಬೇಡಿ. ತಿಂಡಿ ಹೋಟೆಲಿನಲ್ಲಿ ನಾನು ಮೊದಲು ತರಿಸುವುದು ಒಂದು ಇಡ್ಲಿ ಮತ್ತು ಚಟ್ನಿ. ಸಾಂಬಾರಿನಲ್ಲಿ ಎಷ್ಟೋ ದೋಷಗಳು ಮುಚ್ಚಿಹೋಗುತ್ತವೆ, ತೆಂಗಿನಕಾಯಿಯ ಚಟ್ನಿಯಲ್ಲಿ ಏನೂ ಮುಚ್ಚಿಡಲಾಗದು: ರುಬ್ಬಿ ಬಹಳ ಹೊತ್ತಾಗಿದ್ದರೆ ಮೂಗಿಗೆ ಹತ್ತಿರ ತಂದಾಗಲೇ ಹುಳಿ ವಾಸನೆ ತಿಳಿಯುತ್ತದೆ, ನೀರು ಬೆರೆಸಿ ಹೆಚ್ಚಿಸಿದ್ದರೆ ತಟ್ಟೆಯಲ್ಲಿ ಹರಿಯುತ್ತದೆ. ಅದು ಚೆನ್ನಾಗಿದ್ದರೆ ದೋಸೆ, ಆಮೇಲೆ ಕಾಫಿ. ದೋಸೆಯಲ್ಲಿಯೂ ಊರಿನ ರೀತಿಗೆ ತಲೆಬಾಗಬೇಕು. ಮೈಸೂರಿನ ನಜರ್‌ಬಾದಿನ ಮೈಲಾರಿ ದೋಸೆ ಹತ್ತಿಯಂತೆ ಮೆತ್ತಗಿರುತ್ತದೆ, ಅದನ್ನು ಗರಿಗರಿಯಾಗಿ ಕೇಳುವುದು ಸಲ್ಲದು. ದಾವಣಗೆರೆಯ ಬೆಣ್ಣೆದೋಸೆಯ ಹಿಟ್ಟಿಗೆ ಮಂಡಕ್ಕಿ ಸೇರುತ್ತದೆ, ಆಲೂಗಡ್ಡೆ ಪಲ್ಯ ಒಳಗಿರದೆ ಪಕ್ಕದಲ್ಲಿ ಬರುತ್ತದೆ.

ಮೀನಿನ ಹೋಟೆಲಿನಲ್ಲಿ ಕ್ರಮವೇ ಬೇರೆ. ಕುಳಿತ ಕೂಡಲೇ "ಇವತ್ತು ಯಾವ ಮೀನು ಬಂದಿದೆ?" ಎಂದು ಕೇಳಿ. ಹತ್ತು ಮೀನುಗಳ ಹೆಸರನ್ನು ಉಸಿರು ಬಿಡದೆ ಹೇಳುವವರಿಗಿಂತ "ಇವತ್ತು ಬಂಗುಡೆ, ಬೂತಾಯಿ ಒಳ್ಳೆಯದುಂಟು, ಕಾಣೆ ಬೇಡ" ಎನ್ನುವವರನ್ನು ನಂಬಬಹುದು. ಊಟದ ದರ ಹಲಗೆಯ ಮೇಲಿದ್ದರೂ ಫ್ರೈಯ ದರ ಮೀನಿನ ಗಾತ್ರಕ್ಕೂ ಅಂದಿನ ಮಾರುಕಟ್ಟೆಗೂ ತಕ್ಕಂತೆ ಏರಿಳಿಯುತ್ತದೆ, ಹಾಗಾಗಿ ಅಂಜಲ್, ಮಾಂಜಿ ಹೇಳುವ ಮೊದಲು ದರ ಕೇಳುವುದರಲ್ಲಿ ಅವಮಾನವೇನೂ ಇಲ್ಲ. ಬೂತಾಯಿ ಅಗ್ಗದ ಮೀನೆಂದು ಬಿಡಬೇಡಿ. ಬೇಡಿಕೆ ಹೆಚ್ಚಿರುವುದರಿಂದ ಅದು ಬೇಗ ಖರ್ಚಾಗುತ್ತದೆ, ತಾಜಾ ಸಿಗುವ ಸಂಭವವೂ ಹೆಚ್ಚು.

ಖಾನಾವಳಿಯಲ್ಲಿ ಬಡಿಸುವವರು ಅಕ್ಕಾ ಎಂದು ಕರೆಯಲು ತಕ್ಕವರಾಗಿದ್ದರೆ ಹಾಗೆಯೇ ಕರೆಯಿರಿ. "ಅಕ್ಕಾರ, ಇವತ್ತಿನ ಪಲ್ಯ ಯಾವುದ್ರಿ?" ಎಂದು ವಿಚಾರಿಸಿದವರಿಗೆ ಅಂದಿನ ಊಟದಲ್ಲಿಲ್ಲದ ಝುಣಕವೋ ಮನೆಯವರಿಗೆಂದು ಇಟ್ಟಿದ್ದ ಹಿಂಡಿಯೋ ಸಿಕ್ಕ ಉದಾಹರಣೆಗಳುಂಟು. ಉಣ್ಣಲಾಗದಷ್ಟನ್ನು ಹಾಕಿಸಿಕೊಂಡು ಬಿಡುವುದನ್ನು ಮಾತ್ರ ಅವರು ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ.

ಹಂತ 9: ನೀರು, ಹೊಟ್ಟೆ ಮತ್ತು ತುರ್ತು

ಕುದಿಸಿದ ನೀರನ್ನು ಕೇಳಿದರೆ ಬಹುತೇಕ ಹೋಟೆಲುಗಳಲ್ಲಿ ಕೊಡುತ್ತಾರೆ. ಸ್ವಂತ ಬಾಟಲಿ ಜೊತೆಗಿರಲಿ. ಮೊದಲೆರಡು ದಿನ ಮಂಜುಗಡ್ಡೆ ಹಾಕಿದ ಹಣ್ಣಿನ ರಸವನ್ನೂ ಕತ್ತರಿಸಿಟ್ಟ ಸೌತೆಕಾಯಿಯನ್ನೂ ತಪ್ಪಿಸಿ. ಬೇಯಿಸಿದ ಅನ್ನವನ್ನು ಹೊರಗೆ ತಾಸುಗಟ್ಟಲೆ ಇಟ್ಟರೆ ಅದರಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಪೂರ್ತಿ ಹೋಗುವುದಿಲ್ಲ, ಆದ್ದರಿಂದ ಸಂಜೆ ನಾಲ್ಕಕ್ಕೆ ಮಧ್ಯಾಹ್ನದ ಚಿತ್ರಾನ್ನ, ಪುಳಿಯೋಗರೆ ಪಾರ್ಸೆಲ್ ಮಾಡಿಸಬೇಡಿ. ಓಆರ್‌ಎಸ್ ಪೊಟ್ಟಣ ಚೀಲದಲ್ಲಿರಲಿ.

ಕೈಯಲ್ಲಿ ದುಡ್ಡು ಕಡಿಮೆಯಿದ್ದರೆ ಅಥವಾ ಹೊತ್ತು ತಪ್ಪಿದ್ದರೆ ಎರಡು ಆಸರೆಗಳನ್ನು ನೆನಪಿಡಿ. 2017ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ಬೇರೆ ಊರುಗಳಿಗೂ ಹರಡಿದ ಇಂದಿರಾ ಕ್ಯಾಂಟೀನು ಒಂದು. ಇನ್ನೊಂದು, ದೇವಸ್ಥಾನ ಮತ್ತು ಮಠಗಳ ಅನ್ನಪ್ರಸಾದ. ಧರ್ಮಸ್ಥಳ, ಹೊರನಾಡು, ಶೃಂಗೇರಿಗಳಲ್ಲಿಯೂ ತುಮಕೂರಿನ ಸಿದ್ಧಗಂಗಾ ಮಠದ ದಾಸೋಹದಲ್ಲಿಯೂ ಬಡಿಸುವ ಊಟ ಸರಳವಾದದ್ದು, ಆದರೆ ಹೊರನಾಡಿನಲ್ಲಿ ಮಳೆಯಲ್ಲಿ ನೆನೆದು ಹೋಗಿ ಉಂಡ ಬಿಸಿ ಅನ್ನ-ಸಾರನ್ನು ನಾನು ಇಂದಿಗೂ ಮರೆತಿಲ್ಲ.

ಹಂತ 10: ಎಲ್ಲವನ್ನೂ ಒಂದು ದಿನದ ದಾರಿಗೆ ಹೊಂದಿಸುವುದು

ಬೆಂಗಳೂರಿನಿಂದ ಹುಬ್ಬಳ್ಳಿಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸುಮಾರು 410 ಕಿಲೋಮೀಟರ್. ಬೆಳಗ್ಗೆ ಐದೂವರೆಗೆ ಹೊರಟರೆ ಏಳರ ಹೊತ್ತಿಗೆ ತುಮಕೂರಿನ ಪಕ್ಕದ ಕ್ಯಾತ್ಸಂದ್ರದಲ್ಲಿರುತ್ತೀರಿ. ಅಲ್ಲಿ ಬೇರೆ ಏನನ್ನೂ ಕೇಳದೆ ಒಂದೇ ಒಂದು ತಟ್ಟೆ ಇಡ್ಲಿ ತಿನ್ನಿ, ಹೊಟ್ಟೆಯಲ್ಲಿ ಜಾಗ ಉಳಿಯಬೇಕು. ಶಿರಾ, ಹಿರಿಯೂರು, ಚಿತ್ರದುರ್ಗಗಳನ್ನು ದಾಟಿ ಹತ್ತೂವರೆಗೆ ದಾವಣಗೆರೆಯ ಬೈಪಾಸನ್ನು ಬಿಟ್ಟು ಊರೊಳಗೆ ಹೋಗಿ, ಒಂದು ಬೆಣ್ಣೆದೋಸೆಯನ್ನು ಇಬ್ಬರು ಹಂಚಿಕೊಳ್ಳಿ. ಇಲ್ಲಿ ತಡಮಾಡಬಾರದು, ಏಕೆಂದರೆ ದಿನದ ಮುಖ್ಯ ಊಟ ಮುಂದಿದೆ. ರಾಣೆಬೆನ್ನೂರು, ಹಾವೇರಿಗಳಲ್ಲಿ ನಿಲ್ಲದೆ ಸಾಗಿದರೆ ಒಂದೂವರೆಯ ಹೊತ್ತಿಗೆ ಹುಬ್ಬಳ್ಳಿ. ಲಾಡ್ಜಿಗೆ ಹೋಗಿ ಮುಖ ತೊಳೆದು ಬರೋಣವೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ನೇರವಾಗಿ ಖಾನಾವಳಿಗೆ ಹೋಗಿ ಕುಳಿತು, ಬಿಸಿ ರೊಟ್ಟಿ ಇದೆಯೇ ಎಂದು ಕೇಳಿ. ಎರಡೂವರೆಯ ನಂತರ ಆ ಪ್ರಶ್ನೆಗೆ ಬರುವ ಉತ್ತರ ಗದಗಿನಲ್ಲಿ ನನಗೆ ಸಿಕ್ಕಿದ್ದೇ ಆಗಿರುತ್ತದೆ. ಊಟವಾದ ಮೇಲೆ ಲಾಡ್ಜು, ಒಂದು ನಿದ್ದೆ; ಐದೂವರೆಗೆ ಹೊರಬಿದ್ದರೆ ಗಿರ್ಮಿಟ್ಟಿನ ಬಂಡಿಯವರು ಉಳ್ಳಾಗಡ್ಡಿ ಹೆಚ್ಚಿ ಮುಗಿಸಿ, ಮೊದಲ ಮಿರ್ಚಿಯನ್ನು ಎಣ್ಣೆಗೆ ಬಿಡುತ್ತಿರುತ್ತಾರೆ.